ಕಡಲಂಚಿಗೆ ಹೋಗುವ ಮುನ್ನ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಕ್ಯಾಥೊಲಿಕ್ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಚರ್ಚೆಗೆ ಬರುತ್ತಿದೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಅಡಿಕೆ ಕೊಯ್ಯಲು ಆಳು ಸಿಗುವುದಿಲ್ಲ. ಕೊಳೆರೋಗದ ಜೊತೆಗೆ ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಹಿರಿಯರಿಗೆ ವಯಸ್ಸಾಗಿದೆ. ಹೀಗಿರುವಾಗ ಜಾಗವನ್ನು ಮಾರಿ, ಉಳ್ಳಾಲ, ಸುರತ್ಕಲ್, ಮೂಲ್ಕಿ ಅಥವಾ ಕಾಪುವಿನ ಕಡಲ ತಡಿಯಲ್ಲಿ ಮನೆಯೊಂದನ್ನು ಕೊಂಡು ವರ್ಷವಿಡೀ ಅಲ್ಲಿಯೇ ನೆಲೆಸಿದರೆ ಹೇಗೆ?

ಈ ಬಯಕೆಯನ್ನು ಹಗುರವಾಗಿ ಕಾಣಬಾರದು. ಬೆಳ್ತಂಗಡಿಯಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 60 ಕಿಲೋಮೀಟರ್ ದಾರಿ. ರಾತ್ರಿ ಎದೆನೋವು ಕಾಣಿಸಿಕೊಂಡ ವೃದ್ಧರಿಗೆ ಆ ದೂರದ ಅರ್ಥವೇನೆಂಬುದು ಅನುಭವಿಸಿದವರಿಗೇ ಗೊತ್ತು.

ನೆಲೆ ಬದಲಿಸುವುದು ನಮ್ಮ ಸಮುದಾಯಕ್ಕೆ ಹೊಸತೂ ಅಲ್ಲ. ನಮ್ಮ ಪೂರ್ವಜರು ಗೋವೆಯಿಂದ ಬಂದವರು. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದವರಲ್ಲಿ ಬದುಕುಳಿದವರು 1799ರ ನಂತರ ಮರಳಿ ಬಂದು ಪಾಳುಬಿದ್ದ ಗದ್ದೆಗಳನ್ನು ಮತ್ತೆ ಉತ್ತರು. ಕಳೆದ ಶತಮಾನದಲ್ಲಿ ಕೇರಳದಿಂದ ಬೆಳ್ತಂಗಡಿಯ ಮಲೆಗಳಿಗೆ ಬಂದ ಸಿರೋ-ಮಲಬಾರ್ ಕುಟುಂಬಗಳು ಇಲ್ಲಿ ಬೇರೂರಿದ ಫಲವಾಗಿ 1999ರಲ್ಲಿ ಬೆಳ್ತಂಗಡಿಯು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಆದರೆ ಅವರನ್ನು ಹೊರಡಿಸಿದ್ದು ಬಲಾತ್ಕಾರ ಅಥವಾ ಬಡತನ. ನಮ್ಮನ್ನು ಹೊರಡಿಸುತ್ತಿರುವುದು ಬಹುಮಟ್ಟಿಗೆ ನಮ್ಮದೇ ಆಯ್ಕೆ. ನಮ್ಮ ಕೈಯಲ್ಲಿರುವ ವಿಷಯಗಳ ಕುರಿತೇ ನಾವು ಪರ್ಯಾಲೋಚಿಸುತ್ತೇವೆ ಎಂದು ಅರಿಸ್ಟಾಟಲ್ ಬೋಧಿಸಿದನು. ಹಾಗಾದರೆ ಆಯ್ಕೆಯ ಸ್ವಾತಂತ್ರ್ಯ ಹೆಚ್ಚಿದಷ್ಟೂ ಆಲೋಚಿಸುವ ಹೊಣೆಯೂ ಹೆಚ್ಚುತ್ತದೆ.

ಜನವರಿಯ ಕಡಲು, ಜುಲೈಯ ಕಡಲು

ನಮ್ಮಲ್ಲಿ ಹೆಚ್ಚಿನವರು ಕಡಲನ್ನು ಬಲ್ಲುದು ರಜೆಯ ಸಂಜೆಗಳಲ್ಲಿ. ಆದರೆ ವರ್ಷವಿಡೀ ಬಾಳುವವನು ಜುಲೈಯ ಕಡಲಿನೊಡನೆಯೂ ಬಾಳಬೇಕು. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ; ನಾಡದೋಣಿಯವರೂ ಅಲೆಯ ಅಬ್ಬರ ನೋಡಿಯೇ ಇಳಿಯುತ್ತಾರೆ.

ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಎಳೆದೊಯ್ಯುತ್ತವೆ. ಮಳೆ ಕಳೆದ ಮೇಲೆ ಶಾಂತವಾದ ಅಲೆಗಳು ಅದರಲ್ಲಿ ಬಹುಪಾಲನ್ನು ಹಿಂದಕ್ಕೆ ತಂದು ಹಾಕುತ್ತವೆ. ಹಿಂದಕ್ಕೆ ಬಾರದಿದ್ದಲ್ಲಿ ಉಂಟಾಗುವುದೇ ಕಡಲ್ಕೊರೆತ. ನದಿಗಳಿಗೆ ಅಣೆಕಟ್ಟು ಕಟ್ಟಿದಾಗ, ಮರಳನ್ನು ಮಿತಿಮೀರಿ ತೆಗೆದಾಗ, ಅಳಿವೆಬಾಗಿಲಲ್ಲಿ ಕಲ್ಲಿನ ತಡೆಗೋಡೆಗಳನ್ನು ಚಾಚಿದಾಗ ದಂಡೆಗೆ ಮರಳಿನ ಪೂರೈಕೆ ತಪ್ಪುತ್ತದೆ. ಉಳ್ಳಾಲದ ತೀರದಲ್ಲಿ ಮನೆ, ತೆಂಗಿನಮರ, ರಸ್ತೆಗಳು ಕಡಲು ಪಾಲಾದುದನ್ನು ನಾವು ಕಂಡಿದ್ದೇವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಮಳೆಗಾಲಕ್ಕೆ ಮೊದಲೇ ಸೋಮೇಶ್ವರ, ಉಚ್ಚಿಲದ ಮನೆಗಳ ಬಾಗಿಲು ತಟ್ಟಿತು.

ಕಡಲಿನಿಂದ ಎಷ್ಟು ದೂರದಲ್ಲಿ ಕಟ್ಟಬೇಕೆಂಬುದಕ್ಕೆ ಕಾನೂನೂ ಇದೆ. 1991ರಲ್ಲಿ ಆರಂಭವಾಗಿ 2011 ಮತ್ತು 2019ರಲ್ಲಿ ಬದಲಾದ ಕರಾವಳಿ ನಿಯಂತ್ರಣ ವಲಯದ ನಿಯಮಗಳ ಪ್ರಕಾರ, ಜನಸಾಂದ್ರತೆ ಕಡಿಮೆಯಿರುವ ಗ್ರಾಮಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಅಗ್ಗಕ್ಕೆ ಸಿಗುವ ಜಾಗದ ಕಾಗದಪತ್ರಗಳನ್ನು ಮೊದಲು ಈ ದೃಷ್ಟಿಯಿಂದ ಪರಿಶೀಲಿಸಬೇಕು.

ಉಪ್ಪುಗಾಳಿಯು ಕಿಟಕಿಯ ಸರಳುಗಳನ್ನು ಮಾತ್ರವಲ್ಲ, ಕಾಂಕ್ರೀಟಿನೊಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡುಗಳ ಮನೆಯಲ್ಲಿ ಬೆಳೆದವರಿಗೆ ಈ ಖರ್ಚು ಹೊಸತು. ತೀರದ ಬಾವಿಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಬೇಸಿಗೆಯಲ್ಲಿ ಪಂಪು ಹಾಕಿ ಹೆಚ್ಚು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ನಗರದ ನಳ್ಳಿನೀರನ್ನು ನಂಬೋಣವೆಂದರೆ, ಅದು ಬರುವುದು ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಿಂದ! 2019 ಮತ್ತು 2023ರ ಬೇಸಿಗೆಗಳಲ್ಲಿ ಮಂಗಳೂರಿಗೆ ಆ ನೀರನ್ನು ಸರದಿಯಂತೆ ಹಂಚಬೇಕಾಯಿತು.

ಹಾಗೆಂದು ಒಳನಾಡು ಸುರಕ್ಷಿತವೆಂದು ಬೀಗುವಂತಿಲ್ಲ. 1923 ಮತ್ತು 1974ರಲ್ಲಿ ನೇತ್ರಾವತಿಯು ಬಂಟ್ವಾಳವನ್ನು ಮುಳುಗಿಸಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಬೆಟ್ಟಗಳೇ ಕುಸಿದವು. ಅಪಾಯವಿಲ್ಲದ ನೆಲವಿಲ್ಲ. ಆದರೆ ಹಳೆಯ ಊರಿನಲ್ಲಿ ನೆರೆಯ ಗುರುತು ಎಲ್ಲಿಯವರೆಗೆ ಏರುತ್ತದೆಂಬುದು ನಮಗೆ ಗೊತ್ತು. ಅಪಾಯ ಬಂದಾಗ ಯಾರ ಮನೆಯ ಬಾಗಿಲು ತಟ್ಟಬೇಕೆಂಬುದೂ ಗೊತ್ತು. ಹೊಸ ತಡಿಯಲ್ಲಿ ಆ ತಿಳಿವಳಿಕೆಯನ್ನು ಮೊದಲಿನಿಂದ ಗಳಿಸಬೇಕು.

ಮಾರಿದ ಮಣ್ಣು

ನಮ್ಮ ಎಷ್ಟೋ ಕುಟುಂಬಗಳು ಭೂಮಿಯ ಒಡೆತನ ಪಡೆದದ್ದು 1974ರ ಭೂಸುಧಾರಣಾ ತಿದ್ದುಪಡಿಯ ನಂತರ. ಗೇಣಿ ಕೊಟ್ಟು ಉಳುತ್ತಿದ್ದ ಅಜ್ಜ ಭೂನ್ಯಾಯಮಂಡಳಿಗೆ ಡಿಕ್ಲರೇಶನ್ ಕೊಟ್ಟು, ವರ್ಷಗಟ್ಟಲೆ ಅಲೆದು ತನ್ನದಾಗಿಸಿಕೊಂಡ ನೆಲವದು. 2020ರ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾದುದರಿಂದ ಮಾರುವುದು ಸುಲಭವಾಗಿದೆ. ಮಾರಿದ ಮೇಲೆ ಅದೇ ಮಣ್ಣನ್ನು ಮರಳಿ ಪಡೆಯುವುದು ಮಾತ್ರ ಸುಲಭವಲ್ಲ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತನ್ನೇ ನೋಡಿರಿ. ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದೊಂದಿಗೆ ಬೆಸೆದುಕೊಂಡ ಈ ತೆನೆಹಬ್ಬದಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ದು, ಕುಟುಂಬದ ಎಲ್ಲರೂ ಒಟ್ಟಾಗಿ ಹೊಸ ಅಕ್ಕಿ ಉಣ್ಣುತ್ತಾರೆ. ಫ್ಲ್ಯಾಟಿನಲ್ಲಿಯೂ ಹಬ್ಬ ನಡೆದೀತು. ಆದರೆ ತೆನೆ ಎಲ್ಲಿಂದ ಬಂತೆಂದು ಮೊಮ್ಮಗ ಕೇಳಿದರೆ ತೋರಿಸಲು ಗದ್ದೆ ಇರುವುದಿಲ್ಲ.

ಕೇಳದೆ ಉಳಿದ ಪ್ರಶ್ನೆ

ಮನೆಭೇಟಿಯ ಸಂದರ್ಭವೊಂದರಲ್ಲಿ ವೃದ್ಧ ತಾಯಿಯೊಬ್ಬರು ನನ್ನೊಡನೆ ಅಂದರು: "ಫಾದರ್, ಮಕ್ಕಳು ಎಲ್ಲವನ್ನೂ ವಿಚಾರಿಸಿದ್ದಾರೆ. ಚದರಡಿಗೆ ಎಷ್ಟು, ಲಿಫ್ಟ್ ಉಂಟಾ, ಕಾರು ಎಲ್ಲಿ ಇಡುವುದು. ನಾನು ಕೊನೆಗೆ ಎಲ್ಲಿ ಮಲಗುವುದು ಅಂತ ಮಾತ್ರ ಯಾರೂ ಕೇಳಲಿಲ್ಲ." ಅವರ ಯಜಮಾನರ ಸಮಾಧಿ ಇರುವುದು ನಮ್ಮ ಇಗರ್ಜಿಯ ಹಿತ್ತಲಲ್ಲಿ.

ಇಲ್ಲಿ ಸಂತ ಮೋನಿಕಾರ ನೆನಪಾಗುತ್ತದೆ. ಊರಿನಲ್ಲಿ ಪತಿಯ ಪಕ್ಕದಲ್ಲೇ ತನ್ನನ್ನು ಹೂಳಬೇಕೆಂಬುದು ಅವರ ಬಹುಕಾಲದ ಬಯಕೆಯಾಗಿತ್ತು. ಅದಕ್ಕೆ ಜಾಗವನ್ನೂ ಸಿದ್ಧಪಡಿಸಿಕೊಂಡಿದ್ದರು. ಆದರೆ 387ರಲ್ಲಿ, ಆಫ್ರಿಕಕ್ಕೆ ಮರಳುವ ದಾರಿಯಲ್ಲಿ, ರೋಮಿನ ಬಂದರಾದ ಓಸ್ತಿಯಾದಲ್ಲಿ ಅವರು ಮರಣಶಯ್ಯೆಗೆ ಸೇರಿದರು. ಆಗ ತನ್ನ ದೇಹವನ್ನು ಎಲ್ಲಿಯಾದರೂ ಇಡಿರಿ, ಬಲಿಪೀಠದಲ್ಲಿ ನನ್ನನ್ನು ಸ್ಮರಿಸಿದರೆ ಸಾಕು ಎಂದು ಮಕ್ಕಳಿಗೆ ತಿಳಿಸಿದರೆಂದು ಸಂತ ಅಗಸ್ಟಿನರು ದಾಖಲಿಸಿದ್ದಾರೆ. ಈ ಮಾತನ್ನು ಆಡಿದವರು ಸ್ವತಃ ಮೋನಿಕಾ ಎಂಬುದನ್ನು ಗಮನಿಸಬೇಕು. ತಾಯಿಯು ತಾನಾಗಿ ಬಿಟ್ಟುಕೊಟ್ಟರೆ ಅದು ವೈರಾಗ್ಯ. ತಾಯಿಯ ಪರವಾಗಿ ಮಕ್ಕಳೇ ಬಿಟ್ಟುಕೊಟ್ಟರೆ ಅದು ಕಿತ್ತುಕೊಂಡಂತೆ.

ಆ ಮನೆಯವರು ಕೊನೆಗೆ ತಾಯಿಯನ್ನು ಕೂರಿಸಿಕೊಂಡು ಮಾತನಾಡಿದರು. ತೋಟ ಮಾರಾಟವಾಯಿತು, ಮನೆ ಮತ್ತು ಅದರ ಸುತ್ತಲಿನ ಇಪ್ಪತ್ತು ಸೆಂಟ್ಸ್ ಉಳಿಯಿತು. ತಾಯಿ ಈಗ ಕಡಲ ತಡಿಯಲ್ಲಿದ್ದಾರೆ. ನವೆಂಬರ್ 2ರಂದು ತಪ್ಪದೆ ಬಂದು ಸಮಾಧಿಗೆ ಹೂವಿಡುತ್ತಾರೆ. ಎಲ್ಲ ಮನೆಗಳಿಗೂ ಇದೇ ಪರಿಹಾರವೆಂದು ಹೇಳಲಾರೆ. ಆದರೆ ಕೇಳಬೇಕಾದವರನ್ನು ಕೇಳಿ ತೀರ್ಮಾನಿಸಿದ ಮನೆಯಲ್ಲಿ ಮನಸ್ಸುಗಳು ಮುರಿಯಲಿಲ್ಲ.

ಆದುದರಿಂದ ಹೋಗಬಯಸುವವರಲ್ಲಿ ವಿನಂತಿ ಇಷ್ಟೇ. ಮೊದಲೇ ಮಾರಬೇಡಿರಿ, ಒಂದು ವರ್ಷ ಬಾಡಿಗೆಗೆ ಇದ್ದು ನೋಡಿರಿ. ಆ ವರ್ಷ ಜೂನ್‌ನಲ್ಲಿ ಆರಂಭವಾಗಲಿ. ಏಪ್ರಿಲ್‌ನಲ್ಲಿ ಬಾವಿಯ ನೀರನ್ನು ಕುಡಿದು ನೋಡಿರಿ. ನೆರೆಯ ಮೊಗವೀರ ಹಿರಿಯರೊಡನೆ ಆ ದಂಡೆಯ ಚರಿತ್ರೆ ಕೇಳಿರಿ. ಅಲ್ಲಿಯ ಧರ್ಮಕೇಂದ್ರಕ್ಕೆ ಹೋಗಿ ವಾಳೆಯ ಗುರಿಕಾರರ ಪರಿಚಯ ಮಾಡಿಕೊಳ್ಳಿರಿ. ಅಲ್ಲಿಯ ಮದುವೆಗೂ ಮರಣಕ್ಕೂ ಹೋಗಿರಿ. ಕಿಟಕಿಯಿಂದ ಕಾಣುವ ಕಡಲು ಯಾರನ್ನೂ ಊರಿನವರನ್ನಾಗಿ ಮಾಡುವುದಿಲ್ಲ. ನೆರೆಹೊರೆಯ ಹೆಣಕ್ಕೆ ಹೆಗಲು ಕೊಟ್ಟವನನ್ನು ಊರು ತನ್ನವನೆಂದು ಎಣಿಸುತ್ತದೆ. ಇವೆಲ್ಲಕ್ಕೂ ಮೊದಲು, ಮನೆಯಲ್ಲಿ ಅತ್ಯಂತ ಹಿರಿಯರಾದವರ ಪಕ್ಕದಲ್ಲಿ ಒಂದು ಸಂಜೆ ಕುಳಿತು, ಅವರ ಮನಸ್ಸಿನಲ್ಲಿ ಏನಿದೆಯೆಂದು ಕೇಳಿರಿ; ಅವರು ಉತ್ತರಿಸುವವರೆಗೆ ಕಾಯಿರಿ.