ನೊಣಹಿಡುಕನ ನೀಲಿ

ನಮ್ಮ ನಾಡಿನ ಕಾಡುಗಳಲ್ಲಿ, ಬಿದಿರು ಮೆಳೆಗಳ ನೆರಳಿನಲ್ಲಿ, ಟಿಕೆಲ್ ನೀಲಿ ನೊಣಹಿಡುಕವೆಂಬ ಪುಟ್ಟ ಹಕ್ಕಿಯೊಂದು ವಾಸಿಸುತ್ತದೆ. ಅದರ ಉದ್ದ ಸುಮಾರು 14 ಸೆಂಟಿಮೀಟರು. ತಗ್ಗಾದ ರೆಂಬೆಯ ಮೇಲೆ ಕುಳಿತಿದ್ದು, ಹಾರುವ ಕೀಟವನ್ನು ಕಂಡೊಡನೆ ಚಿಮ್ಮಿ ಹಿಡಿಯುವುದು ಅದರ ಕಸುಬು. ಗಂಡಿನ ಬೆನ್ನು ನೀಲಿ, ಎದೆ ಕಿತ್ತಳೆ, ಹೊಟ್ಟೆ ಬಿಳಿ.

ಬೆನ್ನಿನ ಆ ನೀಲಿಯನ್ನು ಗರಿಯಿಂದ ಬೇರ್ಪಡಿಸಿ ಸೀಸೆಯಲ್ಲಿ ತುಂಬಬಹುದೆ? ಸಾಧ್ಯವಿಲ್ಲ. ಇಂಥ ನೀಲಿ ಗರಿಯನ್ನು ನುಣ್ಣಗೆ ಅರೆದರೆ ಕಂದು ಪುಡಿ ಮಾತ್ರ ಉಳಿಯುತ್ತದೆ. ಅಂದರೆ ಅದರಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ.

ಹಾಗಾದರೆ ಈ ಬಣ್ಣ ಬಂದುದೆಲ್ಲಿಂದ? ಆಕಾಶಕ್ಕೆ ಬಂದಂತೆಯೇ, ಎಂದು ಬಹುಕಾಲ ನಂಬಿದ್ದರು. ಗಾಳಿಯ ಅಣುಗಳಿಂದಾಗುವ ಬೆಳಕಿನ ಚದರಿಕೆ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದರಿಂದ, ಕೆಂಪಿಗಿಂತ ನೀಲಿ ಹೆಚ್ಚು ಚದರುತ್ತದೆಯಷ್ಟೆ. ಆದರೆ ಈ ನಿಯಮ ಗರಿಗೂ ಅನ್ವಯಿಸುವುದಾದರೆ, ತರಂಗದೂರ ಕಡಿಮೆಯಾದಷ್ಟೂ ಪ್ರತಿಫಲನ ಏರುತ್ತಲೇ ಹೋಗಬೇಕು. ಅಳೆದು ನೋಡಿದರೆ ಹಾಗಿಲ್ಲ. ಒಂದು ತರಂಗದೂರದಲ್ಲಿ ಅದು ಶಿಖರವನ್ನು ಮುಟ್ಟಿ, ಇಬ್ಬದಿಗೂ ಇಳಿಯುತ್ತದೆ.

ಸಿ. ವಿ. ರಾಮನ್ ಅವರು 1934ರಲ್ಲಿಯೇ ನೀಲಕಂಠ ಪಕ್ಷಿಯ ಗರಿಗಳನ್ನು ಪರೀಕ್ಷಿಸಿ, ಬರಿಯ ಚದರಿಕೆಯ ವಾದ ಸಾಲದೆಂದು ತೋರಿಸಿದರು. 1998ರಲ್ಲಿ ರಿಚರ್ಡ್ ಪ್ರಮ್ ಮತ್ತು ಸಂಗಡಿಗರು ಅಮೆರಿಕ ಖಂಡದ ಕೊಟಿಂಗ ಹಕ್ಕಿಯ ಗರಿಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳನ್ನು ಗಣಿತದಿಂದ ವಿಶ್ಲೇಷಿಸಿ, ನಿಜವಾದ ಕಾರಣವನ್ನು ಸ್ಥಾಪಿಸಿದರು.

ಗರಿಯ ಎಳೆಯೊಳಗೆ ಕೆರಾಟಿನ್ ಎಂಬ ಪದಾರ್ಥ ಸ್ಪಂಜಿನಂತಿದೆ. ಅದರ ತುಂಬ, ಒಂದು ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲಿನ ಆಸುಪಾಸಿನಷ್ಟು ಕಿರಿದಾದ ಗಾಳಿಯ ರಂಧ್ರಗಳು. ಅವುಗಳ ಗಾತ್ರವೂ ನಡುವಣ ಅಂತರವೂ ಬಹುಮಟ್ಟಿಗೆ ಸಮ. ಆದುದರಿಂದ ಅಕ್ಕಪಕ್ಕದ ರಂಧ್ರಗಳಿಂದ ಹೊರಟ ನೀಲಿಯ ಅಲೆಗಳು ಉಬ್ಬಿಗೆ ಉಬ್ಬು ಕೂಡಿ ಬಲಗೊಳ್ಳುತ್ತವೆ. ಉಳಿದ ಬಣ್ಣಗಳ ಅಲೆಗಳು ಹಾಗೆ ಕೂಡುವುದಿಲ್ಲ. ಆ ಬಣ್ಣಗಳ ಬಹುಭಾಗ ಒಳಕ್ಕೆ ಸಾಗಿ, ಕೆಳಗಿರುವ ಕಪ್ಪುಕಂದು ಮೆಲನಿನ್ನಿನಲ್ಲಿ ಹೀರಿಹೋಗುತ್ತದೆ. ರಂಧ್ರಗಳ ಜೋಡಣೆ ಎಲ್ಲ ದಿಕ್ಕಿಗೂ ಒಂದೇ ಬಗೆಯದು. ಆ ಕಾರಣ, ನವಿಲುಗರಿಯಂತೆ ನೋಟದ ಕೋನ ಬದಲಾದಾಗ ಈ ನೀಲಿ ಬದಲಾಗದು.

ಬಾನು, ಹಕ್ಕಿ ಎರಡೂ ನೀಲಿ. ಕಾರಣ ಮಾತ್ರ ಬೇರೆ. ಹೋಲಿಕೆಯನ್ನು ನಂಬಿ ಕುಳಿತಿದ್ದರೆ ಈ ಭೇದ ತಿಳಿಯುತ್ತಿರಲಿಲ್ಲ. ಅಳತೆ ಅದನ್ನು ತಿಳಿಸಿತು.

ಕೊನೆಗೊಂದು ಪ್ರಶ್ನೆ: ರಂಧ್ರಗಳಲ್ಲಿ ಗಾಳಿಯ ಬದಲು, ಕೆರಾಟಿನ್ನಿನಷ್ಟೇ ವಕ್ರೀಭವನಾಂಕವುಳ್ಳ ದ್ರವವನ್ನು ತುಂಬಿದರೆ ಗರಿಯ ನೀಲಿ ಏನಾದೀತು? ಮೇಲಿನ ವಿವರಣೆಯನ್ನು ಗ್ರಹಿಸಿದ ವಿದ್ಯಾರ್ಥಿಗಳು ಉತ್ತರವನ್ನು ತಾವೇ ಹೇಳಬಲ್ಲರು.