ಈ ಭತ್ತಕ್ಕ ಹತ್ತಿರದ ಭತ್ತ ಯಾವುದು?

ಸೋನಾ ಮಸೂರಿ, ಗಂಗಾವತಿ ಸೋನಾ...
ಆನೆಗೊಂದಿ ಗದ್ದೆಗಳಿಂದ 10 ತಳಿ ಭತ್ತ ತಂದೀರಿ ಅನ್ಕೋರಿ.
ಇದರಾಗ ಒಂದನ್ನೊಂದು ಭಾಳ ಹೋಲೋ ಜೋಡಿ ಯಾವುದು?

ಕಣ್ಣಳತೆ ಸಾಲಂಗಿಲ್ಲ.
ಕಾಳಿನ ಉದ್ದ, ಪೈರಿನ ಎತ್ತರ,
ಕೊಯ್ಲಿಗೆ ಬರೋ ದಿನ.
ಎಲ್ಲಾ ಅಳೀಬೇಕು.

ಆದ್ರ ಕಾಳು ಮಿಲಿಮೀಟರ್‌ನಾಗ, ಪೈರು ಸೆಂಟಿಮೀಟರ್‌ನಾಗ.
ಹಂಗ ಕೂಡಿಸಿದ್ರ
ದೊಡ್ಡ ಅಂಕಿ ಸಣ್ಣ ಅಂಕಿನ್ನ ನುಂಗತೈತಿ.
ಅದಕ್ಕ ಮೊದಲು ಎಲ್ಲಾನೂ ಒಂದೇ ಅಳತೆಗೆ ತರ್ರಿ.
ಈ ಹೆಜ್ಜೆ ಮಾತ್ರ ಬಿಡಬ್ಯಾಡ್ರಿ.

ಈಗ ಪ್ರತಿ ಜೋಡಿಯ ವ್ಯತ್ಯಾಸಕ್ಕ ಒಂದು ಅಂಕಿ.
10 ತಳಿಗೆ 45 ಜೋಡಿ.
ಚೌಕದಾಗ ಬರೆದ್ರ, ಅದೇ ದೂರದ ಕೋಷ್ಟಕ.

ಊರಿಂದ ಊರಿಗೆ ಎಷ್ಟು ದೂರ ಅಂತ ಪಟ್ಟಿ ಇರತೈತಲ್ಲ,
ಥೇಟ್ ಹಂಗ!
ಆನೆಗೊಂದಿಯಿಂದ ಆನೆಗೊಂದಿಗೆ ಸೊನ್ನೆ.
ಅದನ್ನ ಬಿಡ್ರಿ.
ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ...
ಆನೆಗೊಂದಿ ಸಾಲಿನಾಗ ಎಲ್ಲಕ್ಕಿಂತ ಸಣ್ಣ ಅಂಕಿ?
ಗಂಗಾವತಿ!

ನನಗ ಭಾಳ ಸೇರೋ ಮಾತು ಇನ್ನೊಂದೈತಿ.
ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಈ ಮೂರೇ ತಗೋರಿ.
ನಕ್ಷೆ ಮ್ಯಾಲ ನೇರ ಗೆರೆ ಎಳೀರಿ.
ಕೊಪ್ಪಳಕ್ಕ ಹತ್ತಿರದ್ದು ಯಲಬುರ್ಗಾ.
ಯಲಬುರ್ಗಾಕ್ಕ ಹತ್ತಿರದ್ದು?
ಕೊಪ್ಪಳ ಅಲ್ಲ, ಕುಷ್ಟಗಿ!

ಭತ್ತದಾಗೂ ಹಂಗ ಆಗತೈತಿ.
ಅದಕ್ಕ ಒಂದು ಸಾಲು ನೋಡಿ ನಿಲ್ಲಬ್ಯಾಡ್ರಿ,
ಹತ್ತೂ ಸಾಲು ನೋಡ್ರಿ.