ಜಗ್ಗದ ಸ್ಕ್ರೂ, ಕೋವಿಯ ಸೇಫ್ಟಿ

ಮುಂಬಯಿಯ ಉಪ್ಪುಗಾಳಿಗೆ ಚಾಳಿನ ಬಾಗಿಲ ಚಿಲಕದ ಸ್ಕ್ರೂ ತುಕ್ಕು ಹಿಡಿಯುವುದು ಎಲ್ಲರೂ ಬಲ್ಲ ಸಂಗತಿ. ಕೊಡಗಿನ ಮಳೆಯಲ್ಲಿ ಕೋವಿಗೂ ಅದೇ ಗತಿ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ಒರೆಸಿ ಪೂಜಿಸುವಾಗ, ಸೇಫ್ಟಿ ಕೆಟ್ಟಿದ್ದರೆ ಬಿಚ್ಚಿ ನೋಡುವ ಆಸೆ ಸಹಜ. ಆದಕಾರಣ ಈ ನಾಲ್ಕು ಮಾತು.

ಸ್ಕ್ರೂ ತಲೆ ಕೆಡುವುದು ಹೆಚ್ಚಾಗಿ ಹೊಂದದ ಸ್ಕ್ರೂಡ್ರೈವರಿನಿಂದ. ಮೊದಲು ಗಾಡಿಯ ಕೊಳೆಯನ್ನು ಸೂಜಿಯಿಂದ ಕೆರೆದು ತೆಗೆಯಿರಿ. ಸ್ಕ್ರೂಡ್ರೈವರಿನ ತುದಿ ಗಾಡಿಯ ಪೂರ್ತಿ ಅಗಲಕ್ಕೆ, ಆಳಕ್ಕೆ ಕೂಡಬೇಕು. ಸೀಮೆಎಣ್ಣೆ ಬೆರೆಸಿದ ಮಿಶಿನ್ ಎಣ್ಣೆಯ ಎರಡು ಹನಿ ಬಿಟ್ಟು ಒಂದು ರಾತ್ರಿ ಕಾಯಿರಿ. ಬೆಳಿಗ್ಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಎಳ್ಳಷ್ಟು ಬಿಗಿಸಿ, ಆಮೇಲೆ ಸಡಿಲಿಸಿ. ತಲೆ ಸವೆದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಹೊಸ ಗಾಡಿ ಕೊರೆಯಬಹುದು. ಬಿಗಿಸಲು ಮಾತ್ರ ಬರುವ, ಬಿಚ್ಚಲು ಜಾರುವ ಸ್ಕ್ರೂಗಳಿಗೂ ಇದೇ ಉಪಾಯ. ಆದರೆ ವಿದ್ಯುತ್ ಮೀಟರಿನ ಸ್ಕ್ರೂ, ಸೀಲು ಮುಟ್ಟಕೂಡದು.

ಇದೆಲ್ಲ ಚಿಲಕಕ್ಕೆ, ಹೊಲಿಗೆ ಮಿಶಿನಿಗೆ. ಕೋವಿಯ ಮಾತು ಬೇರೆ. ಅದರ ಸ್ಕ್ರೂ ಗಾಡಿ ಬಲು ಕಿರಿದು. ಮನೆಯ ಸ್ಕ್ರೂಡ್ರೈವರ್ ಜಾರಿ ಉಕ್ಕನ್ನು ಗೀರುತ್ತದೆ. ಅದಕ್ಕಿಂತ ದೊಡ್ಡದು ಪ್ರಾಣದ ಪ್ರಶ್ನೆ. ಬಹಳಷ್ಟು ತೋಟೆ ಕೋವಿಗಳಲ್ಲಿ ಸೇಫ್ಟಿ ತಡೆಯುವುದು ಕುದುರೆಯನ್ನಲ್ಲ, ಬೆರಳಿಡುವ ಟ್ರಿಗ್ಗರನ್ನು ಮಾತ್ರ. ಕೂದಲೆಳೆಯಷ್ಟು ತಪ್ಪಿ ಜೋಡಿಸಿದರೂ ಅದು ಹೆಸರಿಗೆ ಮಾತ್ರ ಸೇಫ್ಟಿ.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರಕಾರ 2019ರಲ್ಲಿ ಮುಂದುವರಿಸಿದ ವಿನಾಯಿತಿ 2029ರವರೆಗೆ ಇದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ರಿಪೇರಿಯ ಕಸುಬಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಲೈಸೆನ್ಸ್ ಬೇಕು. ಆದುದರಿಂದ ತೋಟೆ ತೆಗೆದು, ನಳಿಗೆ ಬರಿದಾಗಿದೆಯೆಂದು ಎರಡು ಸಲ ನೋಡಿ, ಲೈಸೆನ್ಸ್ ಇರುವ ಅಂಗಡಿಗೆ ಒಪ್ಪಿಸಿರಿ.